ಸೀಟು ಸಿಕ್ಕಿತು, ಜಾಗ ಸಿಕ್ಕಿತೇ?

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಎರಡು ವರ್ಷ ಕಳೆಯುವಷ್ಟರಲ್ಲಿ, ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗುವ ಬಗೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯ ಅಳತೆಗೋಲು ಸಡಿಲವಾಗುತ್ತದೆಂದು ಆಕ್ಷೇಪಿಸಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಅಲ್ಲಿಂದ ಹಾವನೂರು ಆಯೋಗದ 1975ರ ವರದಿ, ಕೇಂದ್ರದ ಶಿಕ್ಷಣ ಸಂಸ್ಥೆಗಳಲ್ಲಿ ಒಬಿಸಿಗಳಿಗೆ ಶೇ. 27ರ ಮೀಸಲಾತಿಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2008ರ ತೀರ್ಪು, ಕಲ್ಯಾಣ ಕರ್ನಾಟಕಕ್ಕೆ ದಕ್ಕಿದ 371(ಜೆ) ವಿಧಿಯವರೆಗೆ ನಾವು ಬಾಗಿಲಲ್ಲೇ ನಿಂತು ಚರ್ಚಿಸಿದ್ದೇವೆ: ಯಾರು ಒಳಗೆ ಬರಬೇಕು, ಎಷ್ಟು ಮಂದಿ ಬರಬೇಕು. ಆ ಚರ್ಚೆ ಬೇಕಿತ್ತು, ಈಗಲೂ ಬೇಕು. ಒಳಗೆ ಬಂದವರಿಗೆ ಅಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಮಾತ್ರ ಅಷ್ಟು ಗಂಭೀರವಾಗಿ ಯೋಚಿಸಿಲ್ಲ. ಈ ಅಲಕ್ಷ್ಯಕ್ಕೆ ವಿದ್ಯಾರ್ಥಿಗಳು ಅತಿ ಹೆಚ್ಚು ಬೆಲೆ ತೆರುವ ಜಾಗ ನಮ್ಮ ವಿಶ್ವವಿದ್ಯಾನಿಲಯಗಳ ಮ್ಯಾನೇಜ್‌ಮೆಂಟ್ ವಿಭಾಗ ಎಂಬುದು ನನ್ನ ವಾದ. ಮೈಸೂರಿನ ಬಹಾದ್ದೂರ್ ಸಂಸ್ಥೆಯಾಗಲಿ, ಧಾರವಾಡದ ಕೌಸಾಳಿ ಸಂಸ್ಥೆಯಾಗಲಿ, ಬೆಂಗಳೂರಿನ ಐಐಎಂ ಆಗಲಿ, ಎಂಬಿಎ ಓದು ಇತರ ಓದಿನಂತಲ್ಲ. ಇತಿಹಾಸದ ಎಂಎ ವಿದ್ಯಾರ್ಥಿ ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದಿದ್ದರೂ ಉತ್ತರಪತ್ರಿಕೆಯಲ್ಲಿ ತನ್ನನ್ನು ತೋರಿಸಿಕೊಳ್ಳಬಹುದು. ಎಂಬಿಎಯಲ್ಲಿ ಮಾತಿಗೆ ಅಂಕ, ಗುಂಪಿನ ಕೆಲಸಕ್ಕೆ ಅಂಕ, ಪ್ರೆಸೆಂಟೇಶನ್‌ಗೆ ಅಂಕ, ಕೊನೆಯಲ್ಲಿ ಸಂದರ್ಶನ. ಇಲ್ಲಿ ನಾಲ್ವರ ನಡುವೆ ಸೇರಿಕೊಳ್ಳುವುದು ಓದಿನ ಜೊತೆಗೆ ಬರುವ ಸುಖವಲ್ಲ, ಅದೇ ಅರ್ಧ ಓದು.

ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲಿ ನಡೆಯುವ ಒಂದು ಸಣ್ಣ ಸಂಗತಿಯನ್ನೇ ನೋಡಿ. 'ಐದೈದು ಜನ ಗುಂಪು ಮಾಡಿಕೊಳ್ಳಿ' ಎಂದು ಅಧ್ಯಾಪಕರು ಹೇಳಿ ಹಾಜರಿ ಪುಸ್ತಕ ಮಡಚುತ್ತಾರೆ. ಒಂದೇ ಕಾಲೇಜಿನಿಂದ ಬಂದವರು, ಒಂದೇ ಕೋಚಿಂಗಿಗೆ ಹೋದವರು, ಇಂಗ್ಲಿಷ್ ಸಲೀಸಾಗಿ ಬರುವವರು ಕಣ್ಣಲ್ಲೇ ಮಾತಾಡಿಕೊಂಡು ಎದ್ದು ಸೇರಿಬಿಡುತ್ತಾರೆ. ಹಿಂದಿನ ಬೆಂಚಿನಲ್ಲಿ ಉಳಿದವರೆಲ್ಲ ಸೇರಿ ಕೊನೆಯ ಗುಂಪು. ಇನ್ನು, ಬಲವಾದ ಗುಂಪಿಗೆ ಸೇರ್ಪಡೆಯಾದ ಹಳ್ಳಿಯ ಹುಡುಗನಿಗೆ ಸಿಗುವ ಕೆಲಸ ಎಕ್ಸೆಲ್ ಶೀಟು ತುಂಬುವುದು. ವೇದಿಕೆಯ ಮೇಲೆ ನಿಂತು ಮಾತಾಡುವ ಕೆಲಸ ಬೇರೆಯವರದು. ಗುಂಪಿನ ಚರ್ಚೆ ನಡೆಯುವುದು ರಾತ್ರಿ, ಕ್ಯಾಂಟೀನಿನಲ್ಲೋ ಯಾರದೋ ರೂಮಿನಲ್ಲೋ. ಲೇಡೀಸ್ ಹಾಸ್ಟೆಲ್ಲಿನ ಗೇಟು ಅಷ್ಟರಲ್ಲಿ ಮುಚ್ಚಿರುತ್ತದೆ. ಯಾರೂ ಯಾರನ್ನೂ ಅವಮಾನಿಸಿಲ್ಲ, ಯಾರಲ್ಲೂ ಕೆಟ್ಟ ಉದ್ದೇಶವಿಲ್ಲ. ಆದರೂ ಎರಡು ವರ್ಷ ಮುಗಿಯುವ ಹೊತ್ತಿಗೆ ಒಬ್ಬರಿಗೆ ನೂರು ಸಲ ಮಾತಾಡಿ ಅಭ್ಯಾಸವಾಗಿರುತ್ತದೆ, ಇನ್ನೊಬ್ಬರಿಗೆ ನೂರು ಸಲ ಸುಮ್ಮನಿದ್ದು ಅಭ್ಯಾಸವಾಗಿರುತ್ತದೆ. ಬಳಿಕ ಈ ವ್ಯತ್ಯಾಸವನ್ನೇ ನಾವು 'ಪರ್ಸನಾಲಿಟಿ' ಎಂದು ಕರೆದು ಅಂಕ ಕೊಡುತ್ತೇವೆ.

ಇದು ಹುಟ್ಟುಗುಣವಲ್ಲ, ವ್ಯವಸ್ಥೆಯ ಫಲ ಎನ್ನಲು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಅನುಭವ ಒಳ್ಳೆಯ ಪುರಾವೆ. ಅಲ್ಲಿ ಎರಡು ವರ್ಷದ ಎಂಬಿಎಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದೇ 1963ರಲ್ಲಿ. ದಶಕಗಳು ಕಳೆದು ಸಂಖ್ಯೆ ಹೆಚ್ಚಿದರೂ, ಪ್ರವೇಶ ಪರೀಕ್ಷೆಯಲ್ಲಿ ಗಂಡುಮಕ್ಕಳಿಗೆ ಸಮನಾಗಿದ್ದ ಅವರು ಒಳಗೆ ಬಂದಮೇಲೆ ಗ್ರೇಡುಗಳಲ್ಲಿ ಹಿಂದೆ ಬೀಳುತ್ತಿದ್ದರು. ಅಲ್ಲಿ ಒಂದು ವಿಷಯದ ಗ್ರೇಡಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ತರಗತಿಯ ಮಾತಿನದು. ಯಾರು ಎಷ್ಟು ಮಾತಾಡಿದರು ಎಂಬುದನ್ನು ಅಧ್ಯಾಪಕರು ನೆನಪಿನಿಂದ ಅಂದಾಜಿಸುತ್ತಿದ್ದರು. 2010ರಲ್ಲಿ ಡೀನ್ ಆದ ನಿತಿನ್ ನೊಹ್ರಿಯಾ ಅವರ ಕಾಲದಲ್ಲಿ ತರಗತಿಗಳಲ್ಲಿ ಬರಹಗಾರರನ್ನು ಕೂರಿಸಿ ಯಾರು ಏನು ಹೇಳಿದರೆಂದು ದಾಖಲಿಸಲಾಯಿತು. ತಾವು ಯಾರಿಗೆ ಮಾತಾಡಲು ಅವಕಾಶ ಕೊಡುತ್ತಿದ್ದೇವೆ, ಯಾರಿಗೆ ಎಷ್ಟು ಅಂಕ ಹಾಕುತ್ತಿದ್ದೇವೆ ಎಂಬ ಲೆಕ್ಕ ಅಧ್ಯಾಪಕರ ಕಣ್ಣಮುಂದೆ ಬಂತು. ಅಭ್ಯಾಸದ ಗುಂಪುಗಳನ್ನು ಶಾಲೆಯೇ ರಚಿಸಿತು. 2013ರ ತಂಡ ಪದವಿ ಪಡೆಯುವ ಹೊತ್ತಿಗೆ ಗ್ರೇಡುಗಳ ಅಂತರ ಬಹುಪಾಲು ಇಲ್ಲವಾಗಿತ್ತು. ಬದಲಾದದ್ದು ವಿದ್ಯಾರ್ಥಿನಿಯರ ಬುದ್ಧಿಯಲ್ಲ, ಅಂಕ ಕೊಡುವ ಕ್ರಮ. ಅದೇ ಶಾಲೆಯಲ್ಲಿ ಹಣವಂತರ ಮಕ್ಕಳಿಗೂ ಸಾಲ ಮಾಡಿ ಓದುವವರಿಗೂ ನಡುವಿನ ಗೋಡೆ ಹಾಗೇ ಉಳಿಯಿತೆಂಬ ದೂರು ವಿದ್ಯಾರ್ಥಿಗಳಿಂದಲೇ ಬಂತು. ಯಾವ ಅಂತರವನ್ನು ಅಳೆದರೋ ಅದು ಕುಗ್ಗಿತು, ಅಳೆಯದ್ದು ಉಳಿಯಿತು. ಜಾತಿ, ಊರು, ಮಾಧ್ಯಮ ಈ ಮೂರನ್ನೂ ಅಳೆಯದ ನಮ್ಮ ವಿಭಾಗಗಳು ಇದನ್ನು ಗಮನಿಸಬೇಕು.

'ನಾನು ಇಲ್ಲಿಯವನೇ' ಎಂಬ ಭಾವಕ್ಕೂ ಓದಿಗೂ ಇರುವ ನಂಟು ಬರೀ ಭಾವುಕ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ಕಾಲೇಜು ಸೇರಿದವರಿಗೆ ಸುಮಾರು ಒಂದು ಗಂಟೆಯ ಚಟುವಟಿಕೆ ಮಾಡಿಸಿದರು. ಆರಂಭದಲ್ಲಿ ಪರಕೀಯ ಅನ್ನಿಸುವುದು ಎಲ್ಲರಿಗೂ ಸಹಜ, ಕ್ರಮೇಣ ಅದು ಕಳೆಯುತ್ತದೆ ಎಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಓದಿಸಿದರು. ಕಪ್ಪು ವಿದ್ಯಾರ್ಥಿಗಳ ಗ್ರೇಡುಗಳು ಮೂರು ವರ್ಷಗಳಲ್ಲಿ ಏರಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕೆ ಇಳಿಯಿತು. ಕಷ್ಟ ಎದುರಾದಾಗ 'ಇದು ಎಲ್ಲರಿಗೂ ಬರುವ ಕಷ್ಟ' ಎಂದುಕೊಳ್ಳುವವರು ಮುಂದುವರಿಯುತ್ತಾರೆ. 'ನನ್ನಂಥವರಿಗೆ ಇದು ಜಾಗವಲ್ಲ' ಎಂದುಕೊಳ್ಳುವವರು ಹಿಂದೆ ಸರಿಯುತ್ತಾರೆ. 'ಪ್ರವೇಶ ಪರೀಕ್ಷೆಯಲ್ಲಿ ನಿನ್ನ ರ್‍ಯಾಂಕ್ ಎಷ್ಟು?' ಎಂದು ಸಹಪಾಠಿ ಕೇಳುವ ಪ್ರಶ್ನೆಯ ಹಿಂದೆ ಜಾತಿಯ ಪ್ರಶ್ನೆ ಅಡಗಿರುವುದು ಕೇಳಿಸಿಕೊಂಡವರಿಗೆಲ್ಲ ಗೊತ್ತು. ಆ ಒಂದು ಪ್ರಶ್ನೆ ಮೊದಲ ದಿನವೇ ಎರಡನೆಯ ಭಾವವನ್ನು ಬಿತ್ತಿಬಿಡುತ್ತದೆ.

ಒಳಗೆ ಬಂದವರಿಗೆ ಜಾಗ ಮಾಡಿಕೊಡಬೇಕೆಂಬ ಮಾತಿಗೆ ಮೊದಲ ಆಕ್ಷೇಪ ಶತಮಾನದಷ್ಟು ಹಳೆಯದು: ಗುಣಮಟ್ಟ ಕುಸಿಯುತ್ತದೆ. ಊಹೆ ಬಿಟ್ಟು ಪುರಾವೆ ನೋಡೋಣ. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ ಹಲವು ವರ್ಷಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಮೀಸಲಾತಿಯಿಂದ ಉತ್ಪಾದಕತೆ ಕುಗ್ಗಿದ ಕುರುಹು ಎಲ್ಲೂ ಕಾಣಲಿಲ್ಲವೆಂದು ತೋರಿಸಿದರು. ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅನುಕೂಲವೇ ಆದ ಸೂಚನೆಯೂ ಇತ್ತು. ಲಕ್ಷಾಂತರ ನೌಕರರ, ನಿತ್ಯ ಓಡಲೇಬೇಕಾದ ಸಂಸ್ಥೆಯದು ಈ ಮಾತು. ಮ್ಯಾನೇಜ್‌ಮೆಂಟ್ ಓದಿನಲ್ಲಂತೂ ಬದುಕಿನ ಅನುಭವವೇ ಪಠ್ಯ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಉಡುಪಿ ಸೀಮೆಯಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟನ್ನೂ ಏಜೆಂಟರ ಮೂಲಕ ಮನೆಬಾಗಿಲಿಗೇ ಹೋಗಿ ಕಟ್ಟಿಸಿಕೊಂಡರು. ದಿನಗೂಲಿಯವನ ಕೈಯಲ್ಲಿ ಸಂಜೆ ಎಷ್ಟು ಉಳಿಯುತ್ತದೆ, ಅವನು ಬ್ಯಾಂಕಿನ ಮೆಟ್ಟಿಲು ಹತ್ತಲು ಯಾಕೆ ಅಳುಕುತ್ತಾನೆ ಎಂಬ ತಿಳಿವಳಿಕೆಯಿಂದ ಹುಟ್ಟಿದ ಯೋಜನೆ ಅದು. ಹಾಗೆಯೇ ನಂದಿನಿಯ ಪೂರೈಕೆ ಸರಪಳಿಯನ್ನು ಪಾಠ ಮಾಡುವಾಗ, ಬೆಳಗಿನ ಜಾವ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತು, ಫ್ಯಾಟು ಡಿಗ್ರಿ ನೋಡಿಸಿ, ಬಟವಾಡೆ ತಡವಾದರೆ ಮನೆ ನಡೆಯುವುದು ಹೇಗೆಂದು ಕಂಡ ವಿದ್ಯಾರ್ಥಿನಿ ತರಗತಿಯಲ್ಲಿದ್ದರೆ ಅವಳೇ ಅಂದಿನ ತಜ್ಞೆ. ಅವಳು ಬಾಯಿ ಬಿಡದಿದ್ದರೆ ನಷ್ಟ ಇಡೀ ತರಗತಿಗೆ. ಅವಳು ಬಾಯಿ ಬಿಡಬೇಕಾದರೆ ಪಾಠಕ್ಕೆ ಬರುವ ಕೇಸುಗಳಲ್ಲಿ ಅವಳ ಲೋಕವೂ ಇರಬೇಕು, ಮೊದಲ ಮಾತು ಕನ್ನಡದಲ್ಲಿ ಬಂದರೂ ಅಂಕ ಹೋಗಬಾರದು.

'ಕಂಪನಿಗಳು ಇಂಗ್ಲಿಷನ್ನೇ ಕೇಳುತ್ತವೆ, ಕನ್ನಡದಲ್ಲಿ ಮಾತಾಡಿಸಿ ಅವರ ಕೆಲಸ ಕಸಿಯುತ್ತೀರಾ?' ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಇಂಗ್ಲಿಷ್ ಬೇಕು, ಅದನ್ನು ಕಲಿಸಲೇಬೇಕು. ಆದರೆ ಭಾಷೆಯನ್ನು ಕಲಿಸುವುದು ಬೇರೆ, ವಿಚಾರಕ್ಕೆ ಭಾಷೆಯ ಸುಂಕ ಹಾಕುವುದು ಬೇರೆ. ಹಣಕಾಸಿನ ಲೆಕ್ಕವನ್ನು ಕನ್ನಡದಲ್ಲಿ ವಿವರಿಸಿ ಗೆದ್ದ ವಿದ್ಯಾರ್ಥಿ ಮುಂದಿನ ವಾರ ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಧೈರ್ಯ ಮಾಡುತ್ತಾನೆ. ಮೊದಲ ದಿನವೇ ವ್ಯಾಕರಣಕ್ಕೆ ನಗೆಪಾಟಲಾದವನು ಎರಡೂ ಭಾಷೆಯಲ್ಲಿ ಮೂಕನಾಗುತ್ತಾನೆ.

ಇನ್ನು, ಕಂಪನಿಗಳು ತಮಗೆ ಬೇಕಾದವರನ್ನು ಆರಿಸಿಕೊಳ್ಳುತ್ತವೆ, ವಿಭಾಗದವರು ಏನು ಮಾಡಲಾದೀತು ಎಂಬ ಮಾತು. ಕಂಪನಿಗಳ ಆಯ್ಕೆ ಎಷ್ಟು ನಿಷ್ಪಕ್ಷಪಾತವೆಂಬುದಕ್ಕೂ ದಾಖಲೆಯಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಕಡಿಮೆ ಬಂತು; ಇದು ಪ್ರಕಟವಾದದ್ದು 2007ರಲ್ಲಿ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರು ಮಾತಾಡಿಸಿದ ಎಚ್‌ಆರ್ ಮ್ಯಾನೇಜರುಗಳು, ಅಭ್ಯರ್ಥಿಯ 'ಮನೆತನದ ಹಿನ್ನೆಲೆ' ಕೇಳುವುದು ತೀರ ಸಹಜವೆಂದೇ ಹೇಳಿದ್ದರು. 2010ರ ಲೆಕ್ಕದಂತೆ ದೇಶದ ಒಂದು ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಶೇ. 90ಕ್ಕೂ ಹೆಚ್ಚು ಸದಸ್ಯರು ಮೇಲ್ಜಾತಿಗಳವರು. ಇಂಥ ಮಾರುಕಟ್ಟೆಗೆ ಮಕ್ಕಳನ್ನು ಕಳಿಸುವಾಗ ಪ್ಲೇಸ್‌ಮೆಂಟ್ ಸೆಲ್ ಅಂಚೆಯವನ ಕೆಲಸವನ್ನಷ್ಟೇ ಮಾಡಿದರೆ ಸಾಲದು. 'ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ. 60' ಎಂಬ ಷರತ್ತನ್ನೇ ತೆಗೆದುಕೊಳ್ಳಿ. ಗಣಿತದ ಮೇಷ್ಟ್ರೇ ಇಲ್ಲದ ಹೈಸ್ಕೂಲಿನಲ್ಲಿ ಹದಿನಾರನೆಯ ವಯಸ್ಸಿಗೆ ಬಂದ ಅಂಕ, ಎಂಬಿಎ ಮುಗಿಸಿದ ಮೇಲೂ ಬೆನ್ನು ಬಿಡುವುದಿಲ್ಲ. ಎಂಬಿಎ ಅಂಕಗಳನ್ನು ಮೊದಲು ನೋಡಿ, ಮನೆತನದ ಪ್ರಶ್ನೆ ಬೇಡ ಎಂದು ಕ್ಯಾಂಪಸ್ಸಿಗೆ ಬರುವ ಕಂಪನಿಗೆ ಹೇಳುವ ಅಧಿಕಾರ ವಿಭಾಗಕ್ಕಿದೆ.

ವೈವಿಧ್ಯ ಇದ್ದರೆ ಕಂಪನಿಗೆ ಲಾಭ ಹೆಚ್ಚು ಎಂಬ ವಾದವನ್ನು ನಾನು ಬಳಸಲಾರೆ. ಸಲಹಾ ಸಂಸ್ಥೆ ಮೆಕಿನ್ಸಿಯ ವರದಿಗಳು ಹೀಗೆ ಹೇಳಿದ್ದನ್ನು ಜೆರೆಮಿಯಾ ಗ್ರೀನ್ ಮತ್ತು ಜಾನ್ ಹ್ಯಾಂಡ್ ಪುನಃ ಪರೀಕ್ಷಿಸಿದಾಗ ಆ ಫಲಿತಾಂಶ ಸಿಗಲಿಲ್ಲ. ಲಾಭ ಬಂದರೆ ನ್ಯಾಯ, ಬಾರದಿದ್ದರೆ ಬೇಡ ಎನ್ನುವ ತಳಹದಿಯೂ ಗಟ್ಟಿಯಲ್ಲ. ಸಾರ್ವಜನಿಕರ ಹಣದಲ್ಲಿ ನಡೆಯುವ ವಿಶ್ವವಿದ್ಯಾನಿಲಯ ತಾನು ಸೇರಿಸಿಕೊಂಡ ಪ್ರತಿ ವಿದ್ಯಾರ್ಥಿಗೂ ಪೂರ್ತಿ ಶಿಕ್ಷಣ ಕೊಡಬೇಕಾದದ್ದು ಸಾಲ ತೀರಿಸುವಷ್ಟೇ ಸರಳವಾದ ಕರ್ತವ್ಯ. ಗುಂಪುಗಳನ್ನು ಅಧ್ಯಾಪಕರೇ ರಚಿಸುವುದು, ಪ್ರೆಸೆಂಟೇಶನ್ನಿನ ಸರದಿ ಎಲ್ಲರಿಗೂ ಬರುವಂತೆ ಮಾಡುವುದು, ಮಾತಿನ ಅಂಕಕ್ಕೆ ಲಿಖಿತ ದಾಖಲೆ ಇಡುವುದು, ಗುಂಪಿನ ಕೆಲಸಕ್ಕೆ ಹಗಲಿನ ವೇಳಾಪಟ್ಟಿಯಲ್ಲೇ ಸಮಯ ಕೊಡುವುದು, ವರ್ಷಕ್ಕೊಮ್ಮೆ ಅಂಕಗಳನ್ನು ಪ್ರವರ್ಗ, ಲಿಂಗ, ಮಾಧ್ಯಮವಾರು ಬಿಡಿಸಿ ನೋಡುವುದು: ಇವಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಮುಂದಿನ ಸೆಮಿಸ್ಟರ್ ಶುರುವಾಗುವ ಮುನ್ನ ವಿಭಾಗದ ಅಧ್ಯಾಪಕರು ಒಂದು ಸಭೆ ಸೇರಿ ನಿರ್ಣಯ ಮಾಡಿದರೆ ಸಾಕು.