ಜುಟ್ಟಿಗೆ ಮಲ್ಲಿಗೆ, ಹಬ್‌ಗೆ ಗೋಂದು

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಗಾದೆ ನಮ್ಮ ಫಿಕ್ಸಿ ಪ್ರಿಯರಿಗೆ ಅಳತೆ ತೆಗೆದು ಹೊಲಿಸಿದಂತಿದೆ. ಕಿತ್ತಳೆ ಬಣ್ಣದ ಡೀಪ್ ರಿಮ್‌ಗೆ ದುಡ್ಡಿದೆ, ಅದಕ್ಕೆ ಮ್ಯಾಚ್ ಆಗೋ ಚೈನ್‌ಗೆ ದುಡ್ಡಿದೆ, ಚರ್ಮದ ಸೀಟಿಗೂ ಇದೆ. ಹಿಂದಿನ ಹಬ್ ಅಂದ ತಕ್ಷಣ ಮಾತ್ರ ‘ಯಾವುದೋ ಒಂದು ಹಾಕಿ, ಅದು ಯಾರಿಗೆ ಕಾಣುತ್ತೆ?’

ಸ್ವಾಮಿ, ಫಿಕ್ಸಿಯಲ್ಲಿ ಫ್ರೀವೀಲ್ ಇರಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತೆ. ವೇಗ ತಗ್ಗಿಸೋಕೆ ನೀವು ಕಾಲಲ್ಲಿ ಹಿಂದಕ್ಕೆ ಒತ್ತಿದಾಗ ಆ ಬಲವೆಲ್ಲ ಚೈನ್ ಹಿಡಿದು ಬಂದು ಹಿಂದಿನ ಕಾಗ್ ಮೇಲೆ ಬೀಳುತ್ತೆ. ಈ ಹಲ್ಲಿನ ಚಕ್ರ ಹಬ್ ಮೇಲೆ ಕೂತಿರೋದು ಥ್ರೆಡ್ ಮೇಲೆ, ಬಾಟಲಿ ಮುಚ್ಚಳದ ಥರ. ಮುಂದಕ್ಕೆ ತುಳಿದರೆ ಬಿಗಿಯಾಗುತ್ತೆ, ಹಿಂದಕ್ಕೆ ಒತ್ತಿದರೆ ಬಿಚ್ಚಿಕೊಳ್ಳೋಕೆ ನೋಡುತ್ತೆ. ಅದಕ್ಕೇ ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಎರಡು ಥ್ರೆಡ್: ಕಾಗ್‌ಗೊಂದು, ಅದರ ಹೊರಗೆ ಲಾಕ್‌ರಿಂಗ್‌ಗೆ ಉಲ್ಟಾ ದಿಕ್ಕಿನ ಇನ್ನೊಂದು. ಕಾಗ್ ಸಡಿಲವಾಗಲು ಹೊರಟರೆ ಲಾಕ್‌ರಿಂಗ್ ಇನ್ನಷ್ಟು ಬಿಗಿಯಾಗುತ್ತೆ. ಎಂಥಾ ಸರಳ ಬುದ್ಧಿವಂತಿಕೆ ನೋಡಿ!

ಇದನ್ನು ಬಿಟ್ಟು ಕೆಲವರು ಮಾಮೂಲಿ ಫ್ರೀವೀಲ್ ಹಬ್‌ಗೆ ಕಾಗ್ ತಿರುಗಿಸಿ, ಬಾಟಮ್ ಬ್ರಾಕೆಟ್‌ನ ರಿಂಗ್ ಸೇರಿಸಿ, ಥ್ರೆಡ್‌ಗೆ ಗೋಂದು ಹಚ್ಚುತ್ತಾರೆ. ಆ ರಿಂಗ್ ಬಿಚ್ಚಿಕೊಳ್ಳೋದೂ ಕಾಗ್ ಬಿಚ್ಚಿಕೊಳ್ಳೋ ದಿಕ್ಕಿಗೇ. ಇದಕ್ಕೆ ಸೈಕಲ್ ಲೋಕ ಇಟ್ಟಿರೋ ಹೆಸರು ‘ಸೂಸೈಡ್ ಹಬ್’. ಹೆಸರಲ್ಲೇ ಎಚ್ಚರಿಕೆ ಇದ್ರೂ ಹಾಕಿಸಿಕೊಳ್ಳೋರಿಗೆ ಏನು ಹೇಳೋಣ?

‘ಎಲ್ಲರೂ ಡ್ಯೂರಾ-ಏಸ್ ಕೊಳ್ಳೋಕಾಗುತ್ತಾ?’ ಅಂತೀರಿ. ಬೇಡ. ಉಲ್ಟಾ ಥ್ರೆಡ್ ಇರೋ ಹಬ್, ಉಕ್ಕಿನ ಕಾಗ್, ಉಕ್ಕಿನ ಲಾಕ್‌ರಿಂಗ್, ಡಬಲ್ ವಾಲ್ ರಿಮ್, 32 ಅಥವಾ 36 ಸ್ಪೋಕ್. ಇಷ್ಟು ಸಾಕು. ಬೆಂಗಳೂರಿನ ಗುಂಡಿ, ಹಂಪ್‌ಗಳಿಗೆ 20 ಸ್ಪೋಕಿನ ಚಕ್ರ ಇಳಿಸೋದು ಶೋಕಿಯಲ್ಲದೆ ಮತ್ತೇನು? ಒಂದು ಲೆಕ್ಕವಂತೂ ಪುಕ್ಕಟೆ: ಮುಂದೆ 48, ಹಿಂದೆ 16 ಹಲ್ಲು ಇಟ್ಟು, ಯಾವಾಗಲೂ ಅದೇ ಕಾಲು ಮುಂದಿಟ್ಟು ಸ್ಕಿಡ್ ಮಾಡಿದರೆ ಟೈರ್ ಪ್ರತಿಸಲ ಒಂದೇ ಜಾಗದಲ್ಲಿ ಸವೆಯುತ್ತೆ. ಹಿಂದೆ 17 ಮಾಡಿ, ಸವೆತ 17 ಜಾಗಕ್ಕೆ ಹಂಚಿಹೋಗುತ್ತೆ. ಒಂದು ಹಲ್ಲಿನ ವ್ಯತ್ಯಾಸ, ಅಷ್ಟೇ.

ಇನ್ನು ‘ಟ್ರ್ಯಾಕ್ ಸೈಕಲ್‌ಗೆ ಬ್ರೇಕೇ ಇರಲ್ಲ’ ಅನ್ನೋ ವಾದ. ನಿಜ, ವೆಲೋಡ್ರೋಮ್‌ನಲ್ಲಿ ಬ್ರೇಕ್ ಇರಲ್ಲ. ಅಲ್ಲಿ ಆಟೋನೂ ಇರಲ್ಲ, ರಸ್ತೆ ದಾಟೋ ಅಜ್ಜಿನೂ ಇರಲ್ಲ. ಚೈನ್ ಕಳಚಿದ ಕ್ಷಣ ಎಷ್ಟೇ ಒಳ್ಳೆ ಹಬ್ ಇದ್ರೂ ಅದು ಸುಮ್ಮನೆ ತಿರುಗೋ ಲೋಹದ ತುಂಡು. ಮುಂದಿನ ಚಕ್ರಕ್ಕೊಂದು ಬ್ರೇಕ್ ಇರಲೇಬೇಕು. ನಿಮ್ಮ ಮೂಳೆ ನಿಮ್ಮದು, ಸರಿ. ಆ ಅಜ್ಜಿಯ ಮೂಳೆ ನಿಮ್ಮದಲ್ಲವಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಬಣ್ಣದ ಕ್ಯಾಟಲಾಗ್ ಪಕ್ಕಕ್ಕಿಟ್ಟು, ‘ಲಾಕ್‌ರಿಂಗ್ ಬಿಚ್ಚಿ ಥ್ರೆಡ್ ತೋರಿಸಿ’ ಅನ್ನಿ. ತೋರಿಸದಿದ್ರೆ ಬೇರೆ ಅಂಗಡಿ ನೋಡಿ.