ಚೆಂಡಿಗಿಲ್ಲದ ಮೈಲಿಗೆ ಚಹಾದ ಕಪ್ಪಿಗೆ ಯಾಕೆ?

ನಮ್ಮ ಬಾಳೆಹೊಸೂರಿನ ಕಡೆ ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಕ್ರಿಕೆಟ್ ಟೂರ್ನಮೆಂಟುಗಳು ಸುರುವಾಗುತ್ತವೆ. ಒಂದು ವರ್ಷ ಬೇರೊಂದು ಊರಿನ ತಂಡದವರು ನಮ್ಮ ಕೇರಿಗೇ ಬಂದು ಒಬ್ಬ ಹುಡುಗನನ್ನು ಕರಕೊಂಡು ಹೋದರು. ಅವನು ಒಗೆದ ಚೆಂಡು ನೆಲಕ್ಕೆ ಬಿದ್ದು ಹಾವಿನ ಹಾಗೆ ಹೊರಳುತ್ತಿತ್ತು. "ತಮ್ಮಾ, ನೀ ಇಲ್ಲಂದ್ರ ಮ್ಯಾಚ್ ಕೈ ಬಿಟ್ಟಂಗಪಾ" ಎಂದು ಹೆಗಲ ಮೇಲೆ ಕೈ ಹಾಕಿದರು. ಮ್ಯಾಚು ಗೆದ್ದರು. ಗೆದ್ದ ಮೇಲೆ ಹತ್ತು ಮಂದಿ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತರು. ಗೆಲ್ಲಿಸಿದವನಿಗೆ ಕಟ್ಟೆಯ ಕೆಳಗೆ, ಕಾಗದದ ತಾಟಿನಲ್ಲಿ ಅನ್ನ ಬಂತು. ಅವನ ಜೋಡಿ ಹೋಗಿದ್ದ ನಾನೂ ಅಲ್ಲೇ ತಿಂದೆ. ಬರುವಾಗ ಸೈಕಲ್ ತುಳಿಯುತ್ತಾ ಅವನು ಒಂದೇ ಮಾತು ಕೇಳಿದ:

"ಅಣ್ಣಾ, ನಾ ಮುಟ್ಟಿದ ಚೆಂಡಿಗೆ ಅವರು ಉಗುಳು ಹಚ್ಚಿ ತೊಡಿಗೆ ತಿಕ್ಕೊಂಡ್ರಲ್ಲ, ಆಗ ಮೈಲಿಗಿ ಆಗಲಿಲ್ಲೇನು?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಓದುತ್ತಾ ತಿಳಿಯಿತು, ಈ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ಇದನ್ನು ಮೈಮೇಲೆ ಹೊತ್ತು ಆಡಿದ ಒಬ್ಬ ಮನುಷ್ಯ ಹುಟ್ಟಿದ್ದು ನಮ್ಮ ಧಾರವಾಡದಲ್ಲೇ. ಹೆಸರು ಪಾಲವಣಕರ ಬಾಲೂ. ನಮ್ಮ ಗದಗ ಸೀಮೆ 1997ರ ತನಕ ಧಾರವಾಡ ಜಿಲ್ಲೆಯೇ ಆಗಿತ್ತು. ಆದರೂ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು? ಯಾವ ಮಾಸ್ತರೂ ನನಗೆ ಹೇಳಲಿಲ್ಲ. ನಿಮಗೆ ಹೇಳಿದ್ದಾರೇನು?

ಬಾಲೂ 1876ರಲ್ಲಿ ಹುಟ್ಟಿದರು. ಜಾತಿಯಿಂದ ಚಮ್ಮಾರರು. ತಂದೆ ಸೈನ್ಯದ ನೌಕರಿಯವರಾದ್ದರಿಂದ ಸಂಸಾರ ಪುಣೆಗೆ ಹೋಯಿತು. ಅಲ್ಲಿ ಹುಡುಗನಿಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಮೈದಾನದ ಕಸ ಹೊಡೆಯುವುದು, ಪಿಚ್ಚಿನ ಮೇಲೆ ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬು, ಪಗಾರ 4 ರೂಪಾಯಿ. ಅಲ್ಲಿ ನೆಟ್ಟು ಕಟ್ಟುತ್ತಾ, ಗೆರೆ ಹಾಕುತ್ತಾ, ಸಾಹೇಬರ ಅಭ್ಯಾಸಕ್ಕೆ ಚೆಂಡು ಒಗೆಯುತ್ತಾ ಎಡಗೈ ಸ್ಪಿನ್ ಕಲಿತರು. ಗ್ರೇಗ್ ಎಂಬ ಸಾಹೇಬನನ್ನು ಔಟ್ ಮಾಡಿದಾಗೊಮ್ಮೆ ಅವನು ಎಂಟಾಣೆ ಕೊಡುತ್ತಿದ್ದನೆಂದು ಕತೆ ಇದೆ. ಚೆಂಡು ಒಗೆಯಲು ಸಾವಿರ ಸಲ ಕರೆದ ಆ ಕ್ಲಬ್ಬಿನವರು ಬ್ಯಾಟು ಮಾತ್ರ ಕೈಗೆ ಕೊಡಲಿಲ್ಲ. ಬ್ಯಾಟು ದೊರೆಗಳದು, ಬೆವರು ನಮ್ಮದು!

ಪುಣೆಯ ಹಿಂದೂಗಳ ತಂಡಕ್ಕೆ ಬಿಳಿಯರನ್ನು ಸೋಲಿಸುವ ಹಟ ಬಂತು. ಬಾಲೂ ಇಲ್ಲದೆ ಅದು ಆಗುವ ಮಾತಲ್ಲ. ಒಳಗೆ ಜಗಳ ನಡೆದು ಕಡೆಗೆ ಕರೆದರು. ಮೈದಾನದಲ್ಲಿ ಅದೇ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ ಒಡೆದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಾಟು, ಬೇರೆ ಜಾಗ. ಮುಖ ತೊಳೆಯಲು ನೀರು ಹಾಕುವುದಕ್ಕೂ ಇನ್ನೊಬ್ಬ ಅಸ್ಪೃಶ್ಯನೇ ಬರಬೇಕು.

ಸಾತಾರದಲ್ಲಿ ಬಿಳಿಯರ ತಂಡದ ಮೇಲೆ ಮ್ಯಾಚಿತ್ತು. ಬಾಲೂನ ಚೆಂಡು ತಿರುಗಬಾರದೆಂದು ಅವರು ವಾರಗಟ್ಟಲೆ ಪಿಚ್ಚಿಗೆ ರೋಲರ್ ಹೊಡೆಸಿದ್ದರಂತೆ. ಬಾಲೂ 7 ವಿಕೆಟ್ ಕಿತ್ತರು. ಆಮೇಲೆ ಸತ್ಕಾರ, ಮಾಲೆ, ಭಾಷಣ. ಮಹಾದೇವ ಗೋವಿಂದ ರಾನಡೆ ಬಹಿರಂಗವಾಗಿ ಹೇಳಿದರು: ಜೊತೆಗೆ ಆಡುವವರು ಜೊತೆಗೆ ಉಣ್ಣಬೇಕು. ಒಳ್ಳೆಯ ಮಾತು. ಆದರೆ ನೋಡಿ, ಆ ಮಾತು ಹುಟ್ಟಲಿಕ್ಕೆ 7 ವಿಕೆಟ್ ಬೇಕಾದವು. ವಿಕೆಟ್ ಕೀಳದ, ಚೆಂಡನ್ನೇ ಕಾಣದ ನಮ್ಮ ಅಪ್ಪ ಅವ್ವಂದಿರಿಗೆ ಯಾವ ತಾಟು?

ಇದು ಈ ದೇಶದ ರೋಗ ಮಾತ್ರ ಅಂತ ತಿಳೀಬ್ಯಾಡ್ರಿ. ಬಾಲೂ ಎಂಟು ವರ್ಷದ ಹುಡುಗನಾಗಿದ್ದಾಗ, 1884ರಲ್ಲಿ, ಅಮೆರಿಕದ ಟೊಲೆಡೊ ಎಂಬ ಊರಿನ ಬೇಸ್‌ಬಾಲ್ ತಂಡ ಆ ದೇಶದ ದೊಡ್ಡ ಲೀಗಿಗೆ ಬಂತು. ಹಣ ಕೊಟ್ಟು ಆಡಿಸುವ ತಂಡ ಅದು. ಅದರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕರಿಯ ಆಟಗಾರನಿದ್ದ. ಕಾಲೇಜು ಮೆಟ್ಟಿಲು ಹತ್ತಿದವನು. ಅವನ ಕೆಲಸ ನಮ್ಮ ವಿಕೆಟ್ ಕೀಪರನಂಥದು: ಚೆಂಡು ಎಸೆಯುವವನಿಗೆ ಸನ್ನೆ ಮಾಡಿ ಹೇಳಬೇಕು, ಬಂದ ಚೆಂಡನ್ನು ಹಿಡಿಯಬೇಕು. ಇವತ್ತಿನ ದಪ್ಪ ಗವಸು ಆಗ ಇರಲಿಲ್ಲ. ಆ ತಂಡದಲ್ಲಿ ಚೆಂಡೆಸೆಯುವ ಟೋನಿ ಮುಲೇನ್ ವಾಕರನ ಸನ್ನೆಯನ್ನು ನೋಡುತ್ತಲೇ ಇರಲಿಲ್ಲ. ತನಗೆ ತೋಚಿದಂತೆ ಎಸೆಯುತ್ತಿದ್ದ. ತಾನು ಕಂಡವರಲ್ಲೆಲ್ಲ ಒಳ್ಳೆಯ ಕ್ಯಾಚರ್ ವಾಕರನೇ, ಆದರೆ ಕರಿಯನ ಮಾತು ಕೇಳಲು ಮನಸ್ಸು ಒಪ್ಪಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಅವನೇ ಒಪ್ಪಿಕೊಂಡ. ಒಂದೇ ತಂಡ, ಒಂದೇ ಅಂಗಿ, ಆದರೂ ವಾಕರ್ ಹಿಡಿದದ್ದು ತನ್ನ ತಂಡದವನೇ ಬೇಕಂತ ಹೇಳದೆ ಒಗೆದ ಚೆಂಡು. ಆ ವರ್ಷ ಅವನು 42 ಆಟ ಆಡಿದ. ರಿಚ್ಮಂಡ್ ಊರಿಗೆ ಅವನನ್ನು ಕರತಂದರೆ 75 ಜನ ಸೇರಿ ಹೊಡೆಯುತ್ತೇವೆ ಎಂದು ತಂಡದ ಮ್ಯಾನೇಜರನಿಗೆ ಬೆದರಿಕೆ ಪತ್ರ ಬಂತು. ಗಾಯವಾಗಿದ್ದ ವಾಕರನನ್ನು ಆ ಸೀಜನ್ನಿನಲ್ಲೇ ತಂಡ ಕೈಬಿಟ್ಟಿತು.

1887ರ ಜುಲೈ 14ರಂದು ವಾಕರ್ ಆಗ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಇನ್ನು ಮುಂದೆ ಕರಿಯರ ಜೊತೆ ಹೊಸ ಕರಾರು ಬೇಡವೆಂದು ಠರಾವು ಮಾಡಿದರು. ದೊಡ್ಡ ಲೀಗಿಗಂತೂ ಬರೆದ ಕಾನೂನೇ ಬೇಕಾಗಲಿಲ್ಲ. ಕಣ್ಸನ್ನೆ ಸಾಕಾಯಿತು. ಅಲ್ಲಿ ಮುಚ್ಚಿದ ಬಾಗಿಲು ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಬಂದಾಗ. ನಡುವೆ 63 ವರ್ಷ! ಎಷ್ಟು ಹುಡುಗರ ತೋಳಿನ ಬಲ ಹೊಲದಲ್ಲಿ, ಕಾರಖಾನೆಯಲ್ಲಿ ಮಣ್ಣಾಗಿ ಹೋಯಿತೋ.

"ಆಟಕ್ಕೆ ಜಾತಿ ಇಲ್ಲ, ಪ್ರತಿಭೆ ಇದ್ದರೆ ಯಾರೂ ತಡೆಯಲಾರರು" ಎಂದು ನಮಗೆ ಬುದ್ಧಿ ಹೇಳುವ ದೊಡ್ಡವರು ಕಾಲೇಜುಗಳಲ್ಲಿ ಬಹಳ. ಅವರಿಗೆ ನಾನು ಬಾಲೂನ ಲೆಕ್ಕ ತೋರಿಸುತ್ತೇನೆ. 1896ರಲ್ಲಿ ಮುಂಬಯಿಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನಿನಿಂದ ಸೋಲಿಸಿದಾಗ ಅವರೂ ತಮ್ಮ ಶಿವರಾಮನೂ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದ ತಂಡ ಇಂಗ್ಲೆಂಡಿಗೆ ಹೋಗಿ ಬಹಳ ಮ್ಯಾಚು ಸೋತಿತು. ಆದರೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಇನ್ನೆಷ್ಟು ಪ್ರತಿಭೆ ಬೇಕಿತ್ತು? ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. 1913ರಲ್ಲಿ ನಾಯಕನಾದ ಎಂ.ಡಿ. ಪೈ, ಈ ಗೌರವ ಬಾಲೂಗೆ ಸಲ್ಲಬೇಕಿತ್ತು ಎಂದು ತಾವೇ ಹೇಳಿದರು. ಹೇಳಿದರು, ಆಯಿತು. ಪ್ರತಿಭೆ ನಮ್ಮನ್ನು ಅಂಗಳದ ತನಕ ಕರಕೊಂಡು ಹೋಗುತ್ತದೆ. ಹೊಸಿಲು ದಾಟಿಸಲು ಬೇರೆಯದೇ ಬೇಕು.

ಆ ಬೇರೆಯದು ಏನು? 1920ರಲ್ಲಿ ಬಾಲೂ ಅವರನ್ನು ತಂಡದಿಂದ ಬಿಟ್ಟರು. ನಾಯಕತ್ವದ ವಿಚಾರದಲ್ಲಿ ತಮ್ಮ ವಿಠ್ಠಲನನ್ನೂ ದಾಟಿ ಮುಂದೆ ಹೋದರು. ಆಗ ವಿಠ್ಠಲ, ಶಿವರಾಮ ಇಬ್ಬರೂ "ನಾವೂ ಆಡೋದಿಲ್ಲ" ಎಂದು ಹೊರಬಂದರು. ತೆಗೆದವರೇ ಮತ್ತೆ ಕರೆಯಬೇಕಾಯಿತು. ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಅಣ್ಣನ ವಿಕೆಟ್ಟುಗಳು ತರದ ನಾಯಕತ್ವವನ್ನು ತಮ್ಮಂದಿರ "ಒಲ್ಲೆ" ಎಂಬ ಮಾತು ಹತ್ತಿರ ತಂದಿತು. ಟೊಲೆಡೊದಲ್ಲಿ ವಾಕರನ ಪರವಾಗಿ ಹಾಗೆ ಎದ್ದು ನಿಲ್ಲುವ ಬಲ ಇರಲಿಲ್ಲ.

ಗೆಳೆಯರೆ, ಬಾಲೂ ಅವರನ್ನು ಹೊತ್ತು ಮೆರೆಸಿರಿ ಎಂದಷ್ಟೇ ನಾನು ಹೇಳುತ್ತಿಲ್ಲ. ಕಹಿಯನ್ನೂ ನುಂಗಬೇಕು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಬಂದಾಗ ಅವರು ಬಾಬಾಸಾಹೇಬರ ಕಡೆ ನಿಲ್ಲದೆ ಎಂ.ಸಿ. ರಾಜಾ ಅವರ ಜೊತೆ ಎದುರು ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಬಾಸಾಹೇಬರ ಮೇಲೆಯೇ ಅವರನ್ನು ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ನೋಡಿ ಅವರ ಜಾಣತನ! ತಂಡದ ನಾಯಕನನ್ನಾಗಿ ಮಾಡಲು ಒಲ್ಲದ ಸಮಾಜ, ನಮ್ಮ ನಾಯಕನ ಎದುರು ನಿಲ್ಲಿಸಲು ಮಾತ್ರ ಅದೇ ಬಾಲೂನನ್ನು ಹುಡುಕಿತು. ನನಗೆ ಬಾಲೂ ಮೇಲೆ ಸಿಟ್ಟಿಲ್ಲ. ಹೊರಗೆ ಕುಡಿಕೆಯಲ್ಲಿ ಚಹಾ ಕುಡಿದವನಿಗೆ ಒಳಗೆ ಕರೆದರೆ ಹೋಗಬೇಕೆನಿಸುತ್ತದೆ. ಅದು ಮನುಷ್ಯನ ಆಸೆ. ಆದರೆ ಯಾತಕ್ಕೆ ಕರೆಯುತ್ತಾರೆಂದು ಕೇಳುವುದನ್ನು ನಾವಾದರೂ ಕಲಿಯಬೇಕು. 1955ರಲ್ಲಿ ಬಾಲೂ ತೀರಿಕೊಂಡರು. ಅವರು ಕಲಿಸಿ ಹೋದ ಪಾಠ ಎರಡೂ ಬಗೆಯದು.

ಹಾಸ್ಟೆಲಿನ ತಮ್ಮಂದಿರೆ, ನಿಮ್ಮನ್ನೂ ಕರೆಯುತ್ತಾರೆ. ಕಬಡ್ಡಿಗೆ, ಕ್ರಿಕೆಟ್ಟಿಗೆ, ಹಲಗೆ ಬಾರಿಸಲಿಕ್ಕೆ, ಚುನಾವಣೆಯಲ್ಲಿ ಚೀಟಿ ಹಂಚಲಿಕ್ಕೆ. ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಆಟ ನಮ್ಮದೂ ಹೌದು, ಮೈದಾನ ನಮ್ಮಪ್ಪಂದಿರೇ ಹದ ಮಾಡಿದ್ದು. ಹೋಗುವ ಮುಂಚೆ ಎರಡು ಮಾತು ಕೇಳಿರಿ: ಊಟಕ್ಕೆ ಎಲ್ಲಿ ಕೂಡ್ರಿಸ್ತೀರಿ? ಕ್ಯಾಪ್ಟನ್ ಯಾರು? ಉತ್ತರ ಸರಿ ಬರದಿದ್ದರೆ ಒಬ್ಬನೇ ತಲೆ ತಗ್ಗಿಸಿ ಬರಬೇಡಿ, ಎಲ್ಲರೂ ಕೂಡಿ ಹೊರಗೆ ಬನ್ನಿ.

ಸೈಕಲ್ ಮೇಲೆ ಕೇಳಿದ ತಮ್ಮನಿಗೆ ಈಗ ಉತ್ತರ ಹೇಳಬಲ್ಲೆ. ಚೆಂಡಿಗೆ ಮೈಲಿಗೆ ಇಲ್ಲಪಾ, ಯಾಕಂದ್ರ ಚೆಂಡು ಅವರಿಗೆ ಬೇಕು. ತಾಟಿಗೆ ಮೈಲಿಗೆ ಐತಿ, ಯಾಕಂದ್ರ ತಾಟಿನ ಮುಂದ ನೀನು ಅವರ ಸರಿಸಮ ಕೂತುಬಿಡ್ತಿ. ಮುಂದಿನ ಸುಗ್ಗಿಗೆ ಅವರು ಮತ್ತೆ ಬರುತ್ತಾರೆ. ಈ ಸಲ ನಾವು ಕೇರಿಯಿಂದ ಹನ್ನೊಂದು ಮಂದಿಯೂ ತಯಾರಿರೋಣ.

ಜೈಭೀಮ್.