ಸಂಗೀತವನ್ನು ಅಂಕಪಟ್ಟಿಯ ಆಳಾಗಿಸಬೇಡಿ

ಜೂನ್ ಬಂತೆಂದರೆ ಸಂಗೀತ ತರಗತಿಗಳ ಕರಪತ್ರಗಳು ದಿನಪತ್ರಿಕೆಯ ಜೊತೆಗೇ ಮನೆ ಬಾಗಿಲಿಗೆ ಬರುತ್ತವೆ. ಮಗುವಿಗೆ ಕೀಬೋರ್ಡ್ ಕಲಿಸಿ, ನೆನಪಿನ ಶಕ್ತಿ ಹೆಚ್ಚುತ್ತದೆ. ಹಾಡು ಕಲಿಸಿ, ಲೆಕ್ಕದಲ್ಲಿ ಚುರುಕಾಗುತ್ತದೆ. ತಬಲಾ ಕಲಿಸಿ, ಶಿಸ್ತು, ಸಂಸ್ಕಾರ ತಾನಾಗಿ ಬರುತ್ತದೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮುಖ್ಯ ಅತಿಥಿಗಳು ಹೇಳುವುದೂ ಇದನ್ನೇ. ಸಂಗೀತವನ್ನು ಪ್ರೀತಿಸುವವರು ಈ ಮಾತಿಗೆ ಚಪ್ಪಾಳೆ ತಟ್ಟುವುದನ್ನು ನಿಲ್ಲಿಸಬೇಕು. ಅದಕ್ಕೆ ಗಟ್ಟಿ ಆಧಾರವಿಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಅದು ಸಂಗೀತಕ್ಕೇ ಕೇಡು ಮಾಡುತ್ತಿದೆ.

ಈ ನಂಬಿಕೆಗೆ ವಿಜ್ಞಾನದ ಮೊಹರು ಬಿದ್ದದ್ದು 1993ರಲ್ಲಿ. ಅಮೆರಿಕದ 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್‌ನ ಸೊನಾಟಾ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ತುಸು ಚೆನ್ನಾಗಿ ಮಾಡಿದರೆಂದು 'ನೇಚರ್' ಪತ್ರಿಕೆಯಲ್ಲಿ ಪುಟ್ಟ ವರದಿಯೊಂದು ಬಂತು. ಆ ಪರಿಣಾಮ ಉಳಿದದ್ದು ಹತ್ತು-ಹದಿನೈದು ನಿಮಿಷ ಮಾತ್ರ. ಅದರಲ್ಲಿ ಮಕ್ಕಳ ಸುದ್ದಿಯೇ ಇರಲಿಲ್ಲ. ಆದರೂ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು ಸರ್ಕಾರದ ಹಣ ಕೇಳಿದರು. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊಜಾರ್ಟ್‌ಗೆಂದೇ ವಿಶೇಷವಾದ ಶಕ್ತಿ ಯಾವುದೂ ಕಾಣಲಿಲ್ಲ.

ಕೇಳುವುದು ಬೇರೆ, ಕಲಿಯುವುದು ಬೇರೆ ಎಂದು ನೀವು ಹೇಳಬಹುದು. ನ್ಯಾಯವಾದ ಮಾತು. 2004ರಲ್ಲಿ ಸಂಶೋಧಕ ಗ್ಲೆನ್ ಶೆಲೆನ್‌ಬರ್ಗ್ ಟೊರಾಂಟೊದ ಆರು ವರ್ಷದ 144 ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡು, ಕೆಲವರಿಗೆ ನಾಟಕ ಕಲಿಸಿ, ಉಳಿದವರಿಗೆ ಏನನ್ನೂ ಕಲಿಸದೆ ನೋಡಿದರು. ಸಂಗೀತ ಕಲಿತವರ ಬುದ್ಧಿಮತ್ತೆಯ ಅಂಕ ಸರಾಸರಿ 7 ಏರಿತು, ಉಳಿದವರದು 4.3. ಸಂಗೀತದ ಪರ ವಾದಿಸುವವರು ಈ ಅಂತರವನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾರೆ. ಆದರೆ ಅದೇ ಅಧ್ಯಯನದಲ್ಲಿ ಇತರರೊಡನೆ ಬೆರೆಯುವ ನಡವಳಿಕೆ ಸುಧಾರಿಸಿದ್ದು ನಾಟಕ ಕಲಿತ ಮಕ್ಕಳಲ್ಲಿ, ಸಂಗೀತ ಕಲಿತವರಲ್ಲಲ್ಲ. ಇದನ್ನು ಯಾರೂ ಹೇಳುವುದಿಲ್ಲ. 2020ರಲ್ಲಿ ಸಾಲಾ ಮತ್ತು ಗೋಬೆ ಎಂಬ ಸಂಶೋಧಕರು 54 ಅಧ್ಯಯನಗಳ, ಸುಮಾರು ಏಳು ಸಾವಿರ ಮಕ್ಕಳ ಲೆಕ್ಕ ತೆಗೆದರು. ಪ್ರಯೋಗ ಎಷ್ಟು ಬಿಗಿಯಾಗಿತ್ತೋ ಲಾಭ ಅಷ್ಟು ಕರಗಿ ಸೊನ್ನೆಯ ಹತ್ತಿರ ಬಂದು ನಿಂತಿತು.

ಹಾಗಾದರೆ ಸಂಗೀತ ಕಲಿಯುವ ಮಕ್ಕಳು ಓದಿನಲ್ಲೂ ಮುಂದಿರುವುದು ಸುಳ್ಳೇ? ಸುಳ್ಳಲ್ಲ. ಆದರೆ ಆ ಮಕ್ಕಳ ಮನೆಗಳನ್ನು ನೋಡಿ. ತಿಂಗಳ ಫೀಸು ಕಟ್ಟುವ ಶಕ್ತಿ, ಸಂಜೆ ಪಾಠಕ್ಕೆ ಕರೆದೊಯ್ಯುವ ಪುರುಸೊತ್ತು, ಮನೆ ತುಂಬ ಪುಸ್ತಕ, ಓದಿದ ತಂದೆತಾಯಿ. ಮನೆಯ ಅನುಕೂಲಕ್ಕೆ ಸಲ್ಲಬೇಕಾದ ಹಿರಿಮೆಯನ್ನು ನಾವು ಸರಳೆ ವರಸೆಗೆ ಕೊಡುತ್ತಿದ್ದೇವೆ. ಸಾಧನೆಯಿಂದ ಮಿದುಳು ಬದಲಾಗುವುದು ಖಂಡಿತ. ತಂತಿವಾದ್ಯ ನುಡಿಸುವವರ ಮಿದುಳಿನಲ್ಲಿ ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಜಾಗ ಹಿಗ್ಗಿರುತ್ತದೆಂದು 1995ರಲ್ಲೇ ಗೊತ್ತಾಗಿದೆ. ಅದು ವೀಣೆಗೆ, ಪಿಟೀಲಿಗೆ ಒದಗುವ ಬದಲಾವಣೆ. ಬೀಜಗಣಿತಕ್ಕೆ ಒದಗುತ್ತದೆಂದು ಹೇಳುವವರು ಪುರಾವೆ ಕೊಡಬೇಕು.

ಶೀಲದ ಮಾತಂತೂ ಇನ್ನೂ ಟೊಳ್ಳು. ಯಹೂದಿಗಳ ನಿರ್ಮೂಲನೆಗೆ ಯೋಜನೆ ಹಾಕಿದ 1942ರ ವಾನ್‌ಸೀ ಸಭೆಯ ಅಧ್ಯಕ್ಷ ರೈನ್‌ಹಾರ್ಡ್ ಹೈಡ್ರಿಶ್ ಸಂಗೀತ ಸಂಯೋಜಕನ ಮಗ, ಸ್ವತಃ ಪಿಟೀಲು ನುಡಿಸುತ್ತಿದ್ದವನು. ಅಷ್ಟು ದೂರ ಹೋಗುವುದೇಕೆ? ಸಂಗೀತಕ್ಕೆ ಹೆಸರಾದ ನಮ್ಮ ಧಾರವಾಡದಲ್ಲೇ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಡುಗಿಯಾಗಿದ್ದಾಗ ಮಾವಿನಹಣ್ಣಿಗೆಂದು ಮೇಲ್ಜಾತಿಯವರ ತೋಟಕ್ಕೆ ಕಾಲಿಟ್ಟು ಬೈಸಿಕೊಂಡಿದ್ದರು. ಹಣ್ಣು ಕದ್ದದ್ದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಬಂದಳೆಂಬುದೇ ಆ ಮನೆಯವರಿಗೆ ದೊಡ್ಡ ಅಪರಾಧವಾಗಿತ್ತು. ಸಂಗೀತವೇ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುವಂತಿದ್ದರೆ, ರಾಗಗಳಲ್ಲಿ ಮುಳುಗಿದ್ದ ನಾಡಿನಲ್ಲಿ ಹಾಡುವವರಿಗೇ ಈ ಅವಮಾನ ಆಗಬಾರದಿತ್ತು. ಜಾತಿಯ ಹಮ್ಮು ರಾಗ ಕೇಳಿ ಕರಗುವುದಿಲ್ಲ, ಅದನ್ನು ಎದುರಿಸಿಯೇ ಮುರಿಯಬೇಕು.

ಬುದ್ಧಿಯ ಆಸೆ ಹುಟ್ಟಿಸಿ ಸಂಗೀತ ಕಲಿಸುವುದರ ಫಲ ಏನೆಂದು ಪಾಠ ಹೇಳುವ ಯಾವ ಗುರುಗಳನ್ನಾದರೂ ಕೇಳಿ. ಮಗು ಒಂಬತ್ತನೇ ತರಗತಿಗೆ ಬರುತ್ತದೆ. ಆಗಷ್ಟೇ ವರ್ಣ ಹಿಡಿತಕ್ಕೆ ಬಂದಿರುತ್ತದೆ, ಶ್ರುತಿ ನಿಂತಿರುತ್ತದೆ. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಪಾಠ ನಿಲ್ಲಿಸ್ತೀವಿ ಮೇಡಂ" ಎಂಬ ಫೋನು ಬರುತ್ತದೆ. ಅಂಕ ಹೆಚ್ಚಲಿ ಎಂದು ಸೇರಿಸಿದ್ದನ್ನು ಅಂಕಕ್ಕಾಗಿಯೇ ಬಿಡಿಸುತ್ತಾರೆ. ತಂಬೂರಿ ಮೂಲೆ ಸೇರುತ್ತದೆ. ಯಾರದೋ ಆಳಾಗಿ ಮನೆಗೆ ಬಂದದ್ದಕ್ಕೆ ಆ ಮನೆಯಲ್ಲಿ ಹಕ್ಕೆಲ್ಲಿಯದು?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅಲ್ಲಿ ಕಲಿತವರಿಗೆ ದಕ್ಕಿದ್ದು ಬದುಕು, ತಲೆಯೆತ್ತಿ ನಿಲ್ಲುವ ಗೌರವ, ಹಾಡುವಾಗಿನ ಆನಂದ. ಇದಕ್ಕೆ ಬುದ್ಧಿಮತ್ತೆಯ ಅಂಕದ ಸಾಕ್ಷಿ ಬೇಕಿಲ್ಲ.

ಮಗು ಹಾಡಬೇಕು, ಏಕೆಂದರೆ ಹಾಡುವುದು ಮನುಷ್ಯರಾಗಿ ಬದುಕುವುದರ ಒಂದು ಭಾಗ. ಹಾಗೆ ಒಪ್ಪಿಕೊಂಡರೆ ಸಂಗೀತ ಫೀಸು ಕಟ್ಟಬಲ್ಲ ಮನೆಗಳ ಸೊತ್ತಾಗಿ ಉಳಿಯಲಾಗದು. ಅದು ಸರ್ಕಾರಿ ಶಾಲೆಯ ಮಗುವಿನ ಹಕ್ಕೂ ಆಗುತ್ತದೆ. ನಮ್ಮ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರೇ ಇಲ್ಲ. ಆ ಹುದ್ದೆಗಳನ್ನು ಸೃಷ್ಟಿಸಿ, ತುಂಬಿ ಎಂದು ಸರ್ಕಾರವನ್ನು ಕೇಳೋಣ. ತಂದೆತಾಯಿಯರಲ್ಲಿ ಒಂದೇ ವಿನಂತಿ: ಹತ್ತನೇ ತರಗತಿಯ ವರ್ಷವೂ ವಾರಕ್ಕೊಂದು ಗಂಟೆ ಮಗುವಿನ ಪಾಠ ನಿಲ್ಲದಿರಲಿ.